ಮುದ್ರಣಕ್ಕೆ ಒದಗುವ ಛಾಯಾಚಿತ್ರ: ಕ್ಯಾಮೆರಾ ಆಯ್ಕೆಯ ಕುರಿತು

ಸಂಘದ ಸ್ಮರಣ ಸಂಚಿಕೆಗಾಗಿ ಸದಸ್ಯರಿಂದ ಭಾವಚಿತ್ರಗಳನ್ನು ಕೇಳಿದಾಗ ಬರುವವುಗಳಲ್ಲಿ ಬಹಳಷ್ಟು ಮೊಬೈಲಿನ ಪರದೆಯ ಮೇಲೆ ಸೊಗಸಾಗಿ ಕಂಡು, ಕಾಗದದ ಮೇಲೆ ಮಸುಕಾಗಿಬಿಡುತ್ತವೆ. ಮನೆಗಳಲ್ಲಿಯೂ ಇದೇ ಪಾಡು. ಹಿರಿಯರೊಬ್ಬರು ತೀರಿಕೊಂಡಾಗ ಗೋಡೆಗೆ ತೂಗುಹಾಕಲು ಒಂದು ದೊಡ್ಡ ಪಟ ಬೇಕಾಗುತ್ತದೆ. ತೆಗೆದಿಟ್ಟ ಸಾವಿರಾರು ಚಿತ್ರಗಳಲ್ಲಿ ಹಿಗ್ಗಿಸಲು ತಕ್ಕದ್ದು ಒಂದೂ ಸಿಗುವುದಿಲ್ಲ. ಆದುದರಿಂದ ಕ್ಯಾಮೆರಾ ಕೊಳ್ಳಹೊರಟವರು ಚಿತ್ರವನ್ನು ಎಷ್ಟು ದೊಡ್ಡದಾಗಿ ಮುದ್ರಿಸಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಅಂಗಡಿಯವರು ಮೊದಲಿಗೆ ಒಪ್ಪಿಸುವುದು ಮೆಗಾಪಿಕ್ಸೆಲ್ ಲೆಕ್ಕವನ್ನು. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚಿತ್ರಬಿಂದುಗಳು. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ 300 ಬಿಂದುಗಳಿದ್ದರೆ ಉತ್ತಮ ಮುದ್ರಣ ದೊರೆಯುತ್ತದೆ. ಆಲ್ಬಮ್ಮಿನ 4x6 ಅಂಗುಲದ ಚಿತ್ರಕ್ಕೆ ಬೇಕಾಗುವುದು 1200x1800, ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು, ಅಷ್ಟೆ. 8x12 ಅಂಗುಲಕ್ಕೆ ಎಂಟೂವರೆಗಿಂತ ಸ್ವಲ್ಪ ಮೇಲೆ ಸಾಕು. ಗೋಡೆಯ ಪಟವನ್ನು ನಾಲ್ಕಾರು ಅಡಿ ದೂರದಿಂದ ನೋಡುವುದರಿಂದ ಅಂಗುಲಕ್ಕೆ 200 ಬಿಂದುಗಳಿದ್ದರೂ ನಡೆಯುತ್ತದೆ. ಆ ಲೆಕ್ಕದಲ್ಲಿ 20x30 ಅಂಗುಲದ ಭಾರೀ ಪಟಕ್ಕೂ 24 ಮೆಗಾಪಿಕ್ಸೆಲ್ ಸಾಕಾಗುತ್ತದೆ. ಲೆನ್ಸ್ ಬದಲಿಸಬಹುದಾದ ಸಾಧಾರಣ ಕ್ಯಾಮೆರಾಗಳಲ್ಲಿ ಇಷ್ಟು ಎಂದೋ ಬಂದುಬಿಟ್ಟಿದೆ. ಇದಕ್ಕಿಂತ ಹೆಚ್ಚಿನ ಮೆಗಾಪಿಕ್ಸೆಲ್‌ಗಾಗಿ ಹಣ ಸುರಿಯುವುದು ಗೃಹಸ್ಥರಿಗೆ ಅನಗತ್ಯವೆಂದೇ ನಮ್ಮ ಅಭಿಪ್ರಾಯ.

ನಿಜವಾಗಿ ವಿಚಾರಿಸಬೇಕಾದದ್ದು ಒಳಗಿನ ಸೆನ್ಸರ್‌ನ ಅಳತೆಯನ್ನು. ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರ್ 36x24 ಮಿಲಿಮೀಟರ್ ಇರುತ್ತದೆ. ಎಪಿಎಸ್-ಸಿ ಎಂಬುದು ಸುಮಾರು 23.5x15.6. ಜೇಬಿನಲ್ಲಿ ಹಿಡಿಸುವ ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು 6.2x4.6 ಮಾತ್ರ; ವಿಸ್ತೀರ್ಣದಲ್ಲಿ ಫುಲ್ ಫ್ರೇಮ್‌ಗೂ ಇದಕ್ಕೂ ಮೂವತ್ತು ಪಟ್ಟು ಅಂತರ. ಸುರಿಯುವ ಮಳೆಗೆ ಚೆಂಬನ್ನು ಇಟ್ಟವರಿಗೂ ಕೊಪ್ಪರಿಗೆಯನ್ನು ಇಟ್ಟವರಿಗೂ ಸಿಗುವ ನೀರು ಒಂದೇ ಆಗಲಾರದಷ್ಟೆ. ಬೆಳಕು ಸಾಲದಾದಾಗ ಸಣ್ಣ ಸೆನ್ಸರ್‌ನ ಚಿತ್ರದಲ್ಲಿ ಬಣ್ಣದ ಕಾಳುಗಳು ಏಳುತ್ತವೆ. ಅವನ್ನು ಅಳಿಸಲು ಯಂತ್ರವು ಚಿತ್ರವನ್ನು ನಯಗೊಳಿಸುತ್ತದೆ. ಆಗ ಅಜ್ಜಿಯ ಮುಖದ ಸುಕ್ಕು, ಇಳಕಲ್ ಸೀರೆಯ ಸೆರಗಿನ ನೇಯ್ಗೆ ಎಲ್ಲವೂ ಬಳಿದಂತಾಗುತ್ತವೆ. ಪರದೆಯ ಮೇಲೆ ಕಾಣದ ಈ ದೋಷ ಹನ್ನೆರಡು ಅಂಗುಲದ ಮುದ್ರಣದಲ್ಲಿ ಎದ್ದು ಕಾಣುತ್ತದೆ.

ಮೊಬೈಲಿನಿಂದಾಗದೇ ಎಂದು ಕೇಳುವವರುಂಟು. ಹಗಲಿನ ಬೆಳಕಿನಲ್ಲಿ ಒಳ್ಳೆಯ ಮೊಬೈಲ್ 8x12 ಅಂಗುಲದವರೆಗೆ ಧಾರಾಳವಾಗಿ ಒದಗುತ್ತದೆ. 50 ಮೆಗಾಪಿಕ್ಸೆಲ್ ಎಂಬ ಜಾಹೀರಾತಿಗೆ ಮಾತ್ರ ಮರುಳಾಗಬೇಕಿಲ್ಲ; ಅಂಥವು ಸಾಮಾನ್ಯವಾಗಿ ನಾಲ್ಕು ಬಿಂದುಗಳನ್ನು ಒಂದಾಗಿಸಿ ಹನ್ನೆರಡೂವರೆಯ ಚಿತ್ರವನ್ನೇ ಕೊಡುತ್ತವೆ. ಎರಡು ಬೆರಳಿನಿಂದ ಹಿಗ್ಗಿಸಿ ತೆಗೆದ ಚಿತ್ರದಲ್ಲಿ ವಿವರ ಕುಗ್ಗುವುದೇ ಹೆಚ್ಚು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದ ಚಿತ್ರವಂತೂ ಬಹಳ ಕುಗ್ಗಿ ತಲುಪುತ್ತದೆ. ಮುದ್ರಣಕ್ಕೆ ಬೇಕಾದುದನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಬೇಕು; ಸ್ಮರಣ ಸಂಚಿಕೆಗೆ ಚಿತ್ರ ಕೊಡುವವರಲ್ಲಿಯೂ ನಮ್ಮ ವಿನಂತಿ ಇದೇ.

ಮದುವೆ, ನಾಮಕರಣ, ಸಂಜೆಯ ರಂಗಮಂಚ ಇವೆಲ್ಲ ಮಂದ ಬೆಳಕಿನ ಸಂದರ್ಭಗಳು. ಇಲ್ಲಿ ಲೆನ್ಸಿನ ಪಾತ್ರ ದೊಡ್ಡದು. ಕ್ಯಾಮೆರಾದೊಡನೆ ಬರುವ 18-55 ಮಿ.ಮೀ. ಲೆನ್ಸ್ ಪೂರ್ತಿ ಚಾಚಿದಾಗ ಸಾಮಾನ್ಯವಾಗಿ ಎಫ್ 5.6ರಷ್ಟೇ ತೆರೆದುಕೊಳ್ಳುತ್ತದೆ. 50 ಮಿ.ಮೀ., ಎಫ್ 1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ, ಬೆಲೆಯೂ ಕೈಗೆಟುಕುವಂಥದು. ಒಬ್ಬರ ಭಾವಚಿತ್ರಕ್ಕೆ ಅದು ಹೇಳಿಮಾಡಿಸಿದಂತಿದೆ. ಮುಂಬಯಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಇಡೀ ಬಳಗವನ್ನು ಸೆರೆಹಿಡಿಯಲು ಮಾತ್ರ ಹಿಂದೆ ಸರಿಯಲು ಜಾಗವಿರುವುದಿಲ್ಲ. ಆಗ 18 ಮಿ.ಮೀ. ಲೆನ್ಸೇ ಗತಿ. ಎಫ್ 1.8ರಲ್ಲಿ ಗುಂಪನ್ನು ತೆಗೆದರೆ ಹಿಂದಿನ ಸಾಲಿನವರು ಮಸುಕಾಗುವ ಸಂಭವವೂ ಉಂಟು.

2018ರಲ್ಲಿ ಕ್ಯಾನನ್, ನಿಕಾನ್ ಸಂಸ್ಥೆಗಳು ಫುಲ್ ಫ್ರೇಮ್ ವರ್ಗದಲ್ಲಿಯೂ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳನ್ನು ತಂದ ಮೇಲೆ ಹಳೆಯ ಡಿಎಸ್ಎಲ್ಆರ್‌ಗಳನ್ನು ಮಾರುವವರು ಬಹಳ. ಮುದ್ರಣದ ಗುಣಮಟ್ಟ ಒಂದೇ ಗುರಿಯಾದರೆ ಇವು ಇಂದಿಗೂ ಉತ್ತಮವೇ. ಕೊಳ್ಳುವಾಗ ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡನ ಬಲೆಯಂಥ ಎಳೆಗಳಿವೆಯೇ ನೋಡಬೇಕು, ಅದು ಬೂಷ್ಟು. ಮುಂಬಯಿ, ಚೆನ್ನೈಗಳಂಥ ಕಡಲತಡಿಯ ತೇವದಲ್ಲಿ, ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಮುಚ್ಚಿಟ್ಟ ಲೆನ್ಸುಗಳಿಗೆ ಇದು ಬೇಗ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಕ್ಷೇಮ.

ಮೊಬೈಲಿನ ಚಿತ್ರಗಳು ಸಾಮಾನ್ಯವಾಗಿ 4:3ರ ಅನುಪಾತದಲ್ಲಿದ್ದು, 4x6ರ ಕಾಗದ 3:2 ಆಗಿರುವುದರಿಂದ ಕಾಗದ ತುಂಬುವಂತೆ ಮುದ್ರಿಸುವಾಗ ಎತ್ತರದ ಒಂಬತ್ತರಲ್ಲೊಂದು ಪಾಲು ಕತ್ತರಿಸಿಹೋಗುತ್ತದೆ. ಮೇಲೆ ಕೆಳಗೆ ಜಾಗ ಬಿಡದಿದ್ದರೆ ಪೇಟ ತೊಟ್ಟ ಮದುಮಗನಿಗೆ ಪೇಟವೇ ಇಲ್ಲದಂತಾದೀತು! ಕ್ಯಾಮೆರಾದಲ್ಲಿ ಜೆಪೆಗ್‌ನ ಅತಿ ದೊಡ್ಡ ಗಾತ್ರವನ್ನೂ ಎಸ್‌ಆರ್‌ಜಿಬಿ ಬಣ್ಣವನ್ನೂ ಆಯ್ದುಕೊಂಡರೆ ಲ್ಯಾಬಿನವರಿಗೆ ತೊಡಕಾಗದು.

ಕೊಳ್ಳುವ ಮುನ್ನ ಒಂದು ಮೆಮೊರಿ ಕಾರ್ಡನ್ನು ಅಂಗಡಿಗೆ ಒಯ್ದು, ಅನುಮತಿ ಪಡೆದು, ಜೊತೆಗೆ ಬಂದವರ ಮುಖವನ್ನು ಅಂಗಡಿಯೊಳಗಿನ ಬೆಳಕಿನಲ್ಲಿಯೇ ಎರಡು ಮೂರು ಕ್ಯಾಮೆರಾಗಳಲ್ಲಿ ತೆಗೆಯಿರಿ. ಅವನ್ನು ಲ್ಯಾಬಿನಲ್ಲಿ 8x12 ಅಂಗುಲಕ್ಕೆ ಹಾಕಿಸಿ, ಮನೆಯ ಕಿಟಕಿಯ ಬಳಿ ಪಕ್ಕಪಕ್ಕ ಇಟ್ಟು, ಕಣ್ರೆಪ್ಪೆ ಮತ್ತು ಕೂದಲಿನ ಎಳೆಗಳನ್ನು ಹೋಲಿಸಿ ನೋಡಿ.