ವರ್ಷದ ಆಟ ಯಾವುದು? ಮುಗಿಯದ ಒಂದು ವಾಗ್ವಾದದ ಇತಿಹಾಸ

ವರ್ಷದ ಕೊನೆ ಬಂತೆಂದರೆ ಪಟ್ಟಿಗಳ ಸುಗ್ಗಿ. ಅತ್ಯುತ್ತಮ ಚಲನಚಿತ್ರ, ಅತ್ಯುತ್ತಮ ಪುಸ್ತಕ, ಅತ್ಯುತ್ತಮ ಆಟಗಾರ ಎಂದು ಪತ್ರಿಕೆಗಳು ಲೆಕ್ಕ ಹಾಕುತ್ತವೆ. ಈ ಸಾಲಿಗೆ ವಿಡಿಯೋ ಗೇಮ್‌ಗಳೂ ಸೇರಿ ನಾಲ್ಕು ದಶಕ ದಾಟಿದೆ. ಮಕ್ಕಳಾಟಕ್ಕೆ ಎಂಥ ಪ್ರಶಸ್ತಿ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಯಾವುದು ಒಳ್ಳೆಯ ಆಟ, ಅದನ್ನು ಹೇಳಬೇಕಾದವರು ಯಾರು ಎಂಬ ಈ ಜಗಳದ ಒಳಗೆ, ಒಂದು ಹೊಸ ಕಲೆ ತನ್ನನ್ನು ತಾನೇ ಅಳೆದುಕೊಳ್ಳಲು ಕಲಿತ ಕಥೆ ಅಡಗಿದೆ.

ಕಥೆ ಶುರುವಾಗುವುದು ಅಮೆರಿಕದಲ್ಲಿ. ಅಟಾರಿ ಸಂಸ್ಥೆಯ 'ಪಾಂಗ್' 1972ರಲ್ಲಿ ಬಂದಾಗ ಆಟವನ್ನು ವಿಮರ್ಶಿಸಬೇಕೆಂದು ಯಾರಿಗೂ ತೋಚಿರಲಿಲ್ಲ; ಪೆಟ್ಟಿಗೆಯೊಳಗೆ ಬಿದ್ದ ನಾಣ್ಯಗಳೇ ಅದರ ವಿಮರ್ಶೆ. 1970ರ ದಶಕದ ಕೊನೆಯಲ್ಲಿ ಬಿಲ್ ಕಂಕಲ್ ಮತ್ತು ಆರ್ನಿ ಕ್ಯಾಟ್ಜ್ ಎಂಬ ಇಬ್ಬರು 'ವಿಡಿಯೋ' ಎಂಬ ಪತ್ರಿಕೆಯಲ್ಲಿ ಈ ಆಟಗಳಿಗೆಂದೇ ಒಂದು ಅಂಕಣ ಆರಂಭಿಸಿದರು. 1980ರಲ್ಲಿ ಅದೇ ಅಂಕಣದಲ್ಲಿ ವರ್ಷದ ಪ್ರಶಸ್ತಿಗಳನ್ನೂ ಪ್ರಕಟಿಸಿದರು. ಆರ್ಕೇಡ್ ಅವಾರ್ಡ್ಸ್ ಎಂಬ ಆ ಪ್ರಶಸ್ತಿಗಳು ಅಕ್ಕರೆಯಿಂದ 'ಆರ್ಕಿ' ಎನಿಸಿಕೊಂಡವು. ಮರುವರ್ಷ ಜಾಯ್ಸ್ ವರ್ಲಿ ಅವರೊಡಗೂಡಿ 'ಎಲೆಕ್ಟ್ರಾನಿಕ್ ಗೇಮ್ಸ್' ಎಂಬ ಸ್ವತಂತ್ರ ಪತ್ರಿಕೆಯೇ ಹೊರಬಂತು. ಇಲ್ಲಿ ತೀರ್ಪುಗಾರರು ಬರಹಗಾರರು. ಬಹಳಷ್ಟು ಆಟಗಳನ್ನು ಆಡಿ ನೋಡಿದವರು.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿನ 'ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್' ಪತ್ರಿಕೆ 1983ನೇ ವರ್ಷದ ಆಟಗಳಿಗಾಗಿ ಗೋಲ್ಡನ್ ಜಾಯ್‌ಸ್ಟಿಕ್ ಪ್ರಶಸ್ತಿಯನ್ನು ಸ್ಥಾಪಿಸಿ, ಆಯ್ಕೆಯನ್ನು ಓದುಗರ ಮತಕ್ಕೇ ಬಿಟ್ಟಿತು. ಮೊದಲ ವರ್ಷದ ಆಟವಾಗಿ ಗೆದ್ದದ್ದು 'ಜೆಟ್‌ಪ್ಯಾಕ್'. ಕೇವಲ 16 ಕಿಲೋಬೈಟ್ ಸ್ಮರಣಶಕ್ತಿಯ ಸ್ಪೆಕ್ಟ್ರಂ ಕಂಪ್ಯೂಟರ್‌ನಲ್ಲಿ ಓಡುತ್ತಿದ್ದ ಆ ಪುಟ್ಟ ಆಟವನ್ನು ತಯಾರಿಸಿದ್ದು ಸ್ಟ್ಯಾಂಪರ್ ಸಹೋದರರ ಸಂಸ್ಥೆ. ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದು ಬಿದ್ದದ್ದೂ ಅದೇ 1983ರಲ್ಲಿ. ಅಟಾರಿ ತನ್ನ ಮಾರಾಟವಾಗದ ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೋದ ಅಲಮಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿತು. ಕಳಪೆ ಆಟಗಳ ಪ್ರವಾಹವೂ ಕುಸಿತದ ಕಾರಣಗಳಲ್ಲೊಂದು. ಕಾಳು ಯಾವುದು, ಜೊಳ್ಳು ಯಾವುದು ಎಂದು ಹೇಳುವವರು ಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹೀಗೆ ಆರಂಭದಲ್ಲೇ ಎರಡು ಪದ್ಧತಿಗಳು ಹುಟ್ಟಿಕೊಂಡವು: ಒಂದು ಬಲ್ಲವರ ತೀರ್ಪು, ಇನ್ನೊಂದು ಆಡುವವರ ಮತ. ಜಪಾನಿನ 'ಫ್ಯಾಮಿತ್ಸು' ಪತ್ರಿಕೆ ಬಲ್ಲವರ ದಾರಿಯನ್ನೇ ಇನ್ನಷ್ಟು ಬಿಗಿಗೊಳಿಸಿತು. ನಾಲ್ವರು ವಿಮರ್ಶಕರು ಒಂದೇ ಆಟಕ್ಕೆ ತಲಾ ಹತ್ತರಲ್ಲಿ ಅಂಕ ಕೊಡುತ್ತಾರೆ, ಒಟ್ಟು ನಲವತ್ತು. ಒಬ್ಬರ ಒಲವು ಇನ್ನೊಬ್ಬರ ಒಲವಿನಿಂದ ಸರಿದೂಗಲಿ ಎಂಬುದು ಇದರ ಲೆಕ್ಕಾಚಾರ.

ಈ ಎಲ್ಲ ಪದ್ಧತಿಗಳಿಗೂ ನಿಜವಾದ ಪರೀಕ್ಷೆ ಒಡ್ಡಿದ ವರ್ಷ 1998. ಮಾರ್ಚಿನ ಕೊನೆಯ ದಿನ ಕ್ಯಾಲಿಫೋರ್ನಿಯಾದ ಬ್ಲಿಜಾರ್ಡ್ ಸಂಸ್ಥೆಯ 'ಸ್ಟಾರ್‌ಕ್ರಾಫ್ಟ್' ಬಂತು. ಸೆಪ್ಟೆಂಬರಿನಲ್ಲಿ ಜಪಾನಿನ ಕೊನಾಮಿಯ 'ಮೆಟಲ್ ಗೇರ್ ಸಾಲಿಡ್'. ನವೆಂಬರ್ 19ರಂದು ಹೊಸ ಸಂಸ್ಥೆಯಾದ ವಾಲ್ವ್‌ನ ಚೊಚ್ಚಲ ಆಟ 'ಹಾಫ್-ಲೈಫ್'. ಎರಡೇ ದಿನಗಳ ಅಂತರದಲ್ಲಿ, ನವೆಂಬರ್ 21ರಂದು, ಜಪಾನಿನಲ್ಲಿ ನಿಂಟೆಂಡೊ ಸಂಸ್ಥೆಯ 'ದ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್'. ಒಂದು ಯುದ್ಧತಂತ್ರದ ಆಟ, ಒಂದು ಸಿನಿಮಾದಂಥದು, ಒಂದು ಬಂದೂಕಿನದು, ಇನ್ನೊಂದು ಸಾಹಸಕಥೆ. ಮಾವಿನಹಣ್ಣನ್ನೂ ಹಲಸಿನಹಣ್ಣನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ.

ಫ್ಯಾಮಿತ್ಸು 'ಒಕರಿನಾ'ಗೆ ನಲವತ್ತಕ್ಕೆ ನಲವತ್ತು ಕೊಟ್ಟಿತು. ಆ ಪತ್ರಿಕೆಯ ಚರಿತ್ರೆಯಲ್ಲೇ ಅದು ಮೊದಲ ಪೂರ್ಣಾಂಕ. ಅಮೆರಿಕದ ಆಟ ತಯಾರಕರ ಅಕಾಡೆಮಿಯೂ 1999ರಲ್ಲಿ ಅದನ್ನೇ ವರ್ಷದ ಆಟವೆಂದು ಸಾರಿತು. ಕಂಪ್ಯೂಟರ್ ಆಟಗಳ ಪತ್ರಿಕೆಗಳಲ್ಲಿ ಮಾತ್ರ 'ಹಾಫ್-ಲೈಫ್' ಜಯಭೇರಿ ಹೊಡೆಯಿತು. ಅಂದಹಾಗೆ ಇದೇ ಅಕಾಡೆಮಿ 1998ರಲ್ಲಿ ನೀಡಿದ ಮೊಟ್ಟಮೊದಲ ಪ್ರಶಸ್ತಿ 'ಗೋಲ್ಡನ್ ಐ 007' ಎಂಬ ಆಟಕ್ಕೆ ಹೋಗಿತ್ತು. ಅದನ್ನು ತಯಾರಿಸಿದ ರೇರ್ ಸಂಸ್ಥೆ 'ಜೆಟ್‌ಪ್ಯಾಕ್' ಖ್ಯಾತಿಯ ಸ್ಟ್ಯಾಂಪರ್ ಸಹೋದರರದ್ದೇ.

ಆದರೆ ಡಿಸೆಂಬರಿನ ತೀರ್ಪಿಗೂ ಕಾಲದ ತೀರ್ಪಿಗೂ ಅಂತರವಿದೆ. 'ಸ್ಟಾರ್‌ಕ್ರಾಫ್ಟ್' ಅಂದು ಒಳ್ಳೆಯ ಆಟಗಳಲ್ಲೊಂದು ಎನಿಸಿತ್ತು, ಅಷ್ಟೆ. ದಕ್ಷಿಣ ಕೊರಿಯಾದಲ್ಲಿ, 1997ರ ಆರ್ಥಿಕ ಬಿಕ್ಕಟ್ಟಿನ ನಂತರ ಬೀದಿಬೀದಿಯಲ್ಲೂ ತೆರೆದ ಕಂಪ್ಯೂಟರ್ ಅಂಗಡಿಗಳಲ್ಲಿ, ಅದು ಹೆಚ್ಚುಕಡಿಮೆ ರಾಷ್ಟ್ರೀಯ ಕ್ರೀಡೆಯೇ ಆಯಿತು. ಟೆಲಿವಿಷನ್ನಿನಲ್ಲಿ ಪಂದ್ಯಗಳು ಬಿತ್ತರವಾದವು. ಸಂಬಳದ ಆಟಗಾರರು ಹುಟ್ಟಿಕೊಂಡರು. 'ಹಾಫ್-ಲೈಫ್'ನದ್ದೂ ಇಂಥದೇ ಕಥೆ. 1999ರಲ್ಲಿ ಇಬ್ಬರು ಹವ್ಯಾಸಿಗಳು ಅದನ್ನು ತಿದ್ದಿ 'ಕೌಂಟರ್-ಸ್ಟ್ರೈಕ್' ಮಾಡಿದರು. ನಿಂಟೆಂಡೊ 64 ಯಂತ್ರ ಅಪರೂಪವಾಗಿದ್ದ ನಮ್ಮ ಬೆಂಗಳೂರಿನ ಹುಡುಗರು ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಹಣ ತೆತ್ತು ಆಡಿದ್ದು ಅದನ್ನೇ. ಅವರನ್ನು ಕೇಳಿದ್ದರೆ ತೀರ್ಪು ಬೇರೆಯೇ ಇರುತ್ತಿತ್ತು. ನಾವು ಎಲ್ಲಿದ್ದೇವೆ, ಕೈಗೆ ಯಾವ ಯಂತ್ರ ಸಿಕ್ಕಿದೆ ಎಂಬುದು ನಮ್ಮ ಅಭಿರುಚಿಯನ್ನು ಅರ್ಧ ನಿರ್ಧರಿಸಿಬಿಡುತ್ತದೆ.

2014ರಲ್ಲಿ ಆರಂಭವಾದ 'ದ ಗೇಮ್ ಅವಾರ್ಡ್ಸ್' ಎರಡೂ ಪದ್ಧತಿಗಳನ್ನು ಬೆಸೆಯಲು ನೋಡಿದೆ. ಮುಖ್ಯ ಪ್ರಶಸ್ತಿಗಳಲ್ಲಿ ಪತ್ರಿಕೆಗಳ ತೀರ್ಪಿಗೆ ಶೇ. 90, ಸಾರ್ವಜನಿಕರ ಮತಕ್ಕೆ ಶೇ. 10 ತೂಕ. ಜಗಳ ಮಾತ್ರ ನಿಂತಿಲ್ಲ. 2018ರಲ್ಲಿ 'ಗಾಡ್ ಆಫ್ ವಾರ್' ಗೆದ್ದಾಗ 'ರೆಡ್ ಡೆಡ್ ರಿಡೆಂಪ್ಷನ್ 2'ರ ಅಭಿಮಾನಿಗಳು ಕೆರಳಿದರು. ರಾಕ್‌ಸ್ಟಾರ್ ಸಂಸ್ಥೆಯ ಎಲ್ಲ ಶಾಖೆಗಳೂ ಸೇರಿ ಮಾಡಿದ ಆ ಆಟದಲ್ಲಿ ಬೆಂಗಳೂರಿನ ಶಾಖೆಯವರ ದುಡಿಮೆಯೂ ಇತ್ತೆಂಬುದು ನಾವು ನೆನೆಯಬೇಕಾದ ಸಂಗತಿ. 2020ರಲ್ಲಿ ತೀರ್ಪುಗಾರರು 'ದ ಲಾಸ್ಟ್ ಆಫ್ ಅಸ್ ಪಾರ್ಟ್ 2' ಎಂದರೆ, ಅದೇ ಸಮಾರಂಭದ ಜನಮತದ ಪ್ರಶಸ್ತಿ 'ಘೋಸ್ಟ್ ಆಫ್ ಸುಶಿಮಾ'ಕ್ಕೆ ಹೋಯಿತು. ಸ್ವಾರಸ್ಯವೆಂದರೆ, ಅದಕ್ಕೆ ಕೆಲವೇ ವಾರ ಮೊದಲು ಗೋಲ್ಡನ್ ಜಾಯ್‌ಸ್ಟಿಕ್‌ನಲ್ಲಿ ಮತದಾರರೇ 'ದ ಲಾಸ್ಟ್ ಆಫ್ ಅಸ್' ಅನ್ನು ಗೆಲ್ಲಿಸಿದ್ದರು. ಜನ ಒಂದು ಕಡೆ, ವಿಮರ್ಶಕರು ಇನ್ನೊಂದು ಕಡೆ ಎಂಬ ಸರಳ ಗೆರೆ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಈ ಪಟ್ಟಿಗಳಿಂದ ಪ್ರಯೋಜನವೇನು? ಉತ್ತರ ಆಟಗಳ ಅಲ್ಪಾಯುಷ್ಯದಲ್ಲಿದೆ. ಹಳೆಯ ಪುಸ್ತಕ ಗ್ರಂಥಾಲಯದಲ್ಲಿ ಸಿಗುತ್ತದೆ; ಹಳೆಯ ಆಟಕ್ಕೆ ಹಳೆಯ ಯಂತ್ರವೇ ಬೇಕು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರ ಅಧ್ಯಯನದಲ್ಲಿ ತಿಳಿಸಿತು. 'ಜೆಟ್‌ಪ್ಯಾಕ್' 2015ರಲ್ಲಿ, 'ಒಕರಿನಾ' 2021ರಲ್ಲಿ ಹೊಸ ಯಂತ್ರಗಳಿಗೆ ಮರಳಿ ಬಂದವು. ಹೆಸರು ಉಳಿದ ಆಟಕ್ಕೆ ಮರುಜನ್ಮದ ಅವಕಾಶ ಹೆಚ್ಚು. ಯಾರೂ ಹೆಸರಿಸದ ಆಟ ಸದ್ದಿಲ್ಲದೆ ಅಳಿಯುತ್ತದೆ.

ಆದ್ದರಿಂದಲೇ ಗೆದ್ದ ಒಂದು ಹೆಸರಿಗಿಂತ ವಾದದ ದಾಖಲೆ ಮುಖ್ಯ. ಯಾರು ಯಾವ ಆಟವನ್ನು ಏಕೆ ಮೆಚ್ಚಿದರು, ಏಕೆ ತಳ್ಳಿದರು ಎಂಬ ಬರಹ ಉಳಿದರೆ, ಯಂತ್ರ ಕೆಟ್ಟ ಮೇಲೂ ಆ ಆಟವನ್ನು ಜನ ಹೇಗೆ ಆಡಿದರು, ಅದರಿಂದ ಏನು ಪಡೆದರು ಎಂಬುದು ಮುಂದಿನವರಿಗೆ ತಿಳಿಯುತ್ತದೆ. ಈ ಡಿಸೆಂಬರಿನಲ್ಲಿ ಮನೆಯ ಮಕ್ಕಳು ವರ್ಷದ ಆಟ ಯಾವುದೆಂದು ಜಗಳವಾಡುತ್ತಿದ್ದರೆ ಗದರಿಸಬೇಡಿ. ಏಕೆ ಎಂದು ಕೇಳಿ. ಸಾಧ್ಯವಾದರೆ ಬರೆದಿಡಲು ಹೇಳಿ.