ನಿಂತ ಕುದುರೆಯ ಗಂಟಲು, ಓಡುವ ಕುದುರೆಯ ಗಂಟಲು

ಕುದುರೆ ಬಾಯಿಂದ ಉಸಿರಾಡಲಾರದು. ಅದರ ಉದ್ದನೆಯ ಮೃದು ಅಂಗುಳ ಶ್ವಾಸನಾಳದ ಮುಚ್ಚಳವಾದ ಎಪಿಗ್ಲಾಟಿಸ್‌ನ ಕೆಳಗೆ ಬಿಗಿಯಾಗಿ ಕೂತಿರುವುದರಿಂದ ಗಾಳಿಗೆ ಮೂಗೊಂದೇ ದಾರಿ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು. ನಿಮಿಷಕ್ಕೆ 120ಕ್ಕೂ ಹೆಚ್ಚು. ಎರಡನೇ ವಯಸ್ಸಿಗೇ ರೇಸಿಗಿಳಿಯುವ ಥರೋಬ್ರೆಡ್ ಮರಿಗಳನ್ನು ಕೊಳ್ಳುವವರು ಗಂಟಲಿನ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಳ್ಳುವುದು ಇದಕ್ಕೇ. ಗಂಟಲು ಪರೀಕ್ಷೆಯ ಇತಿಹಾಸವನ್ನು ಸಾಮಾನ್ಯವಾಗಿ ಉಪಕರಣಗಳ ವರಸೆಯಲ್ಲಿ ಹೇಳುತ್ತಾರೆ. ಕುದುರೆ ಏನು ಮಾಡುತ್ತಿರುವಾಗ ಒಳಗೆ ಇಣುಕಿದರು ಎಂಬುದನ್ನು ಹಿಡಿದು ಹೊರಟರೆ ಅದೇ ಇತಿಹಾಸ ಹೆಚ್ಚು ತಿಳಿಯಾಗುತ್ತದೆ ಎಂಬುದು ಈ ಲೇಖನದ ವಾದ.

ಮೊದಲಿಗೆ ಇಣುಕುವ ಮಾತೇ ಇರಲಿಲ್ಲ, ಕಿವಿಯೇ ಸಾಧನ. ಉಸಿರು ಒಳಗೆಳೆಯುವಾಗ ಗೊರಗೊರ ಸದ್ದು ಮಾಡುವ ಕುದುರೆಯನ್ನು ಇಂಗ್ಲೆಂಡಿನಲ್ಲಿ ‘ರೋರರ್’ ಎಂದರು. ಕುದುರೆಯನ್ನು ಗೋಡೆಗೆ ನಿಲ್ಲಿಸಿ, ಹೊಡೆಯುವವರಂತೆ ಕೋಲೆತ್ತುವುದು ಅಲ್ಲಿನ ಹಳೆಯ ಪರೀಕ್ಷೆ. ಬೆಚ್ಚಿ ನರಳಿತೋ, ಅನುಮಾನ. ಈ ಸದ್ದಿನ ಮೂಲ ಇರುವುದು ಗಂಟಲಿನ ಎಡಭಾಗದ ನರದಲ್ಲಿ. ಅದು ಎದೆಯವರೆಗೂ ಇಳಿದು, ಮಹಾಪಧಮನಿಯನ್ನು ಬಳಸಿ, ಮತ್ತೆ ಗಂಟಲಿಗೆ ಏರುತ್ತದೆ. ಈ ಉದ್ದನೆಯ ನರ ಸೊರಗಿದರೆ ಧ್ವನಿಪೆಟ್ಟಿಗೆಯ ಎಡ ಸ್ನಾಯು ಕರಗಿ, ಅರಿಟಿನಾಯ್ಡ್ ಮೃದ್ವಸ್ಥಿ ಪೂರ್ತಿ ತೆರೆಯದೆ ಗಾಳಿಗೆ ಅಡ್ಡ ನಿಲ್ಲುತ್ತದೆ. ಲಂಡನ್ನಿನ ಫ್ರೆಡರಿಕ್ ಹಾಬ್ಡೇ 20ನೇ ಶತಮಾನದ ಮೊದಲ ದಶಕಗಳಲ್ಲಿ ಇದಕ್ಕೆ ಮಾಡುತ್ತಿದ್ದ ಶಸ್ತ್ರಚಿಕಿತ್ಸೆ ಆತನ ಹೆಸರಿನಲ್ಲೇ ಪ್ರಸಿದ್ಧವಾಯಿತು.

ಕಣ್ಣಿನ ಕಾಲ ಶುರುವಾದದ್ದು ವಿಯೆನ್ನಾದಲ್ಲಿ. 1880ರ ದಶಕದ ಕೊನೆಗೆ ಪೊಲಾನ್‌ಸ್ಕಿ ಮತ್ತು ಶಿಂಡೆಲ್ಕಾ ಕುದುರೆಯ ಮೂಗಿನ ಮೂಲಕ ಗಂಟಲು ನೋಡುವ ಗಡಸು ಕೊಳವೆಯನ್ನು ಪರಿಚಯಿಸಿದರು. ತಲೆ ಒದರುವ ಪ್ರಾಣಿಯ ಮೂಗಿನಲ್ಲಿ ಬಾಗದ ಕೊಳವೆ ಎಂದರೆ ಅಪಾಯ ಹೇಳಬೇಕಾಗಿಲ್ಲ. ಬಾಗುವ ಗಾಜಿನೆಳೆ ಬರುವವರೆಗೂ ಇದು ಎಲ್ಲರ ಕೈಗೂ ಹಿಡಿಸಲಿಲ್ಲ. 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಎಳೆಗಳ ಕಟ್ಟಿನಿಂದ ಚಿತ್ರ ದಾಟಿಸಿ ತೋರಿಸಿದರು. 1957ರ ಹೊತ್ತಿಗೆ ಬೇಸಿಲ್ ಹಿರ್ಶೋವಿಟ್ಸ್ ಅದನ್ನು ಮನುಷ್ಯರ ಹೊಟ್ಟೆಗೆ ಇಳಿಸಿದರು. ಕುದುರೆಯ ಗಂಟಲಿಗೆ ತಂದವರಲ್ಲಿ ಮುಖ್ಯರು ರಾಬರ್ಟ್ ಕುಕ್. ಬಾಗುವ ಎಂಡೋಸ್ಕೋಪಿನಿಂದ ಕಂಡದ್ದನ್ನು ಅವರು 1974ರಲ್ಲಿ ಪ್ರಕಟಿಸಿದರು.

ಲಾಯದ ಪರೀಕ್ಷೆ ಅಂದಿನಿಂದ ಹೆಚ್ಚು ಬದಲಾಗಿಲ್ಲ. ಮೇಲ್ದುಟಿಗೆ ಹಗ್ಗ ಬಿಗಿದು ಹಿಡಿದು, ಸಾಮಾನ್ಯವಾಗಿ ಬಲ ಹೊಳ್ಳೆಯಿಂದ ಕೊಳವೆ ತೂರಿಸುತ್ತಾರೆ. ಮಂಪರಿನ ಮದ್ದು ಧ್ವನಿಪೆಟ್ಟಿಗೆಯ ಚಲನೆಯನ್ನೇ ಬದಲಿಸುವುದರಿಂದ ಆದಷ್ಟೂ ಕೊಡುವುದಿಲ್ಲ. ಕುದುರೆ ಎಂಜಲು ನುಂಗುವಂತೆ ಮಾಡುತ್ತಾರೆ, ಹೊಳ್ಳೆಗಳನ್ನು ಕೈಯಿಂದ ಮುಚ್ಚಿ ಬಿಡುತ್ತಾರೆ. ಆಗ ಎರಡೂ ಮೃದ್ವಸ್ಥಿಗಳು ಒಟ್ಟಿಗೆ ಅರಳಿದವೇ ಎಂದು ನೋಡುತ್ತಾರೆ.

ಮರಿ ಕುದುರೆಗಳ ಗಂಟಲ ಗೋಡೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಸಣ್ಣ ಸಣ್ಣ ಗಂಟುಗಳು. ಸೋತ ಓಟಗಳ ತಪ್ಪನ್ನೆಲ್ಲ ಅವುಗಳ ತಲೆಗೆ ಕಟ್ಟಿದ್ದೂ ಉಂಟು. ಎರಡು ವರ್ಷದ ಬಹುತೇಕ ಕುದುರೆಗಳಲ್ಲಿ ಅವು ಇದ್ದೇ ಇರುತ್ತವೆ, ವಯಸ್ಸಾದಂತೆ ತಾವಾಗಿ ಇಳಿಯುತ್ತವೆ ಎಂಬುದು ಗಟ್ಟಿಯಾದದ್ದು ಆಮೇಲೆ. ಮೃದ್ವಸ್ಥಿಯ ಚಲನೆ ಅಳೆಯಲು ಒಬ್ಬೊಬ್ಬರದು ಒಂದೊಂದು ಅಳತೆಗೋಲಿತ್ತು. 2003ರಲ್ಲಿ ಸ್ಟ್ರಾಟ್‌ಫರ್ಡ್-ಅಪಾನ್-ಏವನ್‌ನ ತಜ್ಞರ ಕಾರ್ಯಾಗಾರ ಇದಕ್ಕೆ ನಾಲ್ಕು ದರ್ಜೆಗಳನ್ನು ಒಪ್ಪಿತು. ಒಂದು, ಎರಡರ ಬಗ್ಗೆ ಚಿಂತೆಯಿಲ್ಲ, ನಾಲ್ಕರಲ್ಲಿ ಮೃದ್ವಸ್ಥಿ ಅಲುಗುವುದೇ ಇಲ್ಲ. ಪೇಚು ಇರುವುದು ಮೂರರಲ್ಲಿ: ಅದೇ ದರ್ಜೆಯ ಒಂದು ಕುದುರೆ ಓಟದಲ್ಲಿ ತೆರೆದ ಗಂಟಲನ್ನು ಉಳಿಸಿಕೊಳ್ಳುತ್ತದೆ, ಇನ್ನೊಂದರದು ಕುಸಿಯುತ್ತದೆ.

ಅದನ್ನು ಬಿಡಿಸಲು ಕುದುರೆ ಓಡಲೇಬೇಕು. ಟ್ರೆಡ್‌ಮಿಲ್ ಮೇಲೆ ಓಡಿಸುತ್ತ ಎಂಡೋಸ್ಕೋಪಿ ಮಾಡಿದ ಮಾರಿಸ್ ಮತ್ತು ಸೀಹರ್ಮನ್ 1990ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಇದರಿಂದ ಹೆಚ್ಚು ಲಾಭವಾದದ್ದು ಮೃದು ಅಂಗುಳದ ವಿಷಯದಲ್ಲಿ. ದಣಿವಿನ ಹೊತ್ತಿಗೆ ಅಂಗುಳ ಎಪಿಗ್ಲಾಟಿಸ್‌ನ ಮೇಲಕ್ಕೆ ಜಾರುತ್ತದೆ, ಉಸಿರು ಕಟ್ಟುತ್ತದೆ, ಕುದುರೆ ಥಟ್ಟನೆ ಹಿಂದೆ ಬೀಳುತ್ತದೆ. ಒಮ್ಮೆ ನುಂಗಿದರೆ ಎಲ್ಲ ಸ್ವಸ್ಥಾನಕ್ಕೆ. ಲಾಯದಲ್ಲಿ ನೋಡಿದವರಿಗೆ ದೋಷವೇ ಕಾಣದು. ಕೆಲವು ಕುದುರೆಗಳು ಸದ್ದೂ ಮಾಡುವುದಿಲ್ಲವಾದ್ದರಿಂದ ಕಿವಿಯೂ ನೆರವಿಗೆ ಬಾರದು. ಆದರೆ ಟ್ರೆಡ್‌ಮಿಲ್ ಮೇಲೆ ಜಾಕಿಯಿಲ್ಲ, ಲಗಾಮಿನ ಎಳೆತವಿಲ್ಲ, ಟ್ರ್ಯಾಕಿನ ನೆಲವಿಲ್ಲ. 2008ರ ಸುಮಾರಿಗೆ ಕ್ಯಾಮೆರಾವನ್ನು ಕಡಿವಾಣದ ಪಟ್ಟಿಗೆ ಬಿಗಿದು ಟ್ರ್ಯಾಕಿನಲ್ಲೇ ಓಡಿಸಿ ನೋಡುವ ಸಾಧನ ಬಂದ ಮೇಲೆ ಈ ಕೊರತೆಯೂ ಬಹುಮಟ್ಟಿಗೆ ನೀಗಿತು.

ಹರಾಜಿನ ಕಟ್ಟೆ ಮಾತ್ರ ಇದರಿಂದ ಹೊರಗುಳಿದಿದೆ. ಅಲ್ಲಿ ಬರುವ ಒಂದು ವರ್ಷದ ಮರಿಗೆ ಇನ್ನೂ ಜೀನು ಹಾಕಿರುವುದಿಲ್ಲ, ಓಡಿಸಿ ನೋಡುವಂತಿಲ್ಲ. ಲಕ್ಷಾಂತರ ಡಾಲರಿನ ವ್ಯವಹಾರ ನಿಂತ ಕುದುರೆಯ ಕ್ಷಣಕಾಲದ ಚಿತ್ರದ ಮೇಲೆ ನಡೆಯುತ್ತದೆ. ಈಚೆಗೆ ಧ್ವನಿಪೆಟ್ಟಿಗೆಯ ಸ್ನಾಯುವನ್ನು ಕುತ್ತಿಗೆಯ ಹೊರಗಿನಿಂದಲೇ ಅಲ್ಟ್ರಾಸೌಂಡಿನಲ್ಲಿ ನೋಡುವ ರೂಢಿ ಬೆಳೆಯುತ್ತಿದೆ. ಸೊರಗಿದ ಸ್ನಾಯು ಅದರಲ್ಲಿ ಬೆಳ್ಳಗೆ ಕಾಣುತ್ತದೆ, ಕುದುರೆ ಓಡಬೇಕಾಗಿಲ್ಲ. ಮೂರನೇ ದರ್ಜೆಯ ಮರಿಗಳ ಮಟ್ಟಿಗೆ ಇದು ಉಪಯುಕ್ತ. ಜಾರುವ ಅಂಗುಳಕ್ಕೆ ಮಾತ್ರ ಟ್ರ್ಯಾಕನ್ನೇ ಕಾಯಬೇಕು.