ನಾರ್ಟನ್‌ನ 15ನೇ ರೌಂಡ್

ಮಹಮ್ಮದ್ ಅಲಿಯ ದೊಡ್ಡ ಗೆಲುವು ಯಾವುದು ಅಂದ್ರೆ ಎಲ್ಲರೂ 1974ರ ಕಿನ್ಶಾಸಾ ಅಂತಾರೆ. ಒಪ್ಪೋಣ. ಹಗ್ಗಕ್ಕೆ ಒರಗಿ ಏಟು ತಿಂದು, ಜಾರ್ಜ್ ಫೋರ್‌ಮನ್‌ನನ್ನು ಸುಸ್ತು ಮಾಡಿ 8ನೇ ರೌಂಡಿನಲ್ಲಿ ಕೆಡವಿದ. ಅಲ್ಲಿ ಜಡ್ಜ್‌ಗಳಿಗೆ ಕೆಲಸವೇ ಇರಲಿಲ್ಲ. ತಕರಾರು ಇರೋದು ಕೆನ್ ನಾರ್ಟನ್ ವಿಷಯದಲ್ಲಿ.

1973ರ ಮಾರ್ಚಿನಲ್ಲಿ ಅಲಿಯ ದವಡೆ ಮುರಿದು ಗೆದ್ದವನು ಈ ನಾರ್ಟನ್. ಸೆಪ್ಟೆಂಬರಿನಲ್ಲಿ ಅಲಿ ಹೇಗೋ ಸೇಡು ತೀರಿಸಿಕೊಂಡ. ಮೂರನೇ ಪಂದ್ಯ 1976ರ ಸೆಪ್ಟೆಂಬರ್ 28ರಂದು, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ. 14 ರೌಂಡ್ ಮುಗಿದಾಗ ಇಬ್ಬರು ಜಡ್ಜ್‌ಗಳ ಲೆಕ್ಕದಲ್ಲಿ ಸಮಸಮ. ನಾರ್ಟನ್ ಕಡೆಯವರು ಮಾತ್ರ, ನೀನೇ ಮುಂದಿದ್ದೀಯ, ರಿಸ್ಕ್ ತಗೋಬೇಡ ಅಂದರು. ಅವನು ಹುಷಾರಾಗಿ ಆಡಿದ; ಕೊನೇ ರೌಂಡ್ ಅಲಿಗೆ ಹೋಯ್ತು. ಇಬ್ಬರು 8-7 ಕೊಟ್ಟರು, ರೆಫರಿ 8-6, ಒಂದು ಸಮ.

ನನ್ನ ಲೆಕ್ಕದಲ್ಲಿ ಅವತ್ತು ಗೆದ್ದವನು ನಾರ್ಟನ್. ಅವನ ಅಡ್ಡಗೈ ಅಲಿಯ ಜ್ಯಾಬನ್ನು ತಡೀತಿತ್ತು, ಗಟ್ಟಿ ಏಟುಗಳೂ ಅವನವೇ. ಚಾಂಪಿಯನ್ನನ್ನು ಇಳಿಸಬೇಕಾದ್ರೆ ಅನುಮಾನಕ್ಕೆ ಎಡೆ ಇಲ್ಲದಂತೆ ಗೆಲ್ಲಬೇಕು ಅಂತ ಅಲಿ ಅಭಿಮಾನಿಗಳು ವಾದಿಸ್ತಾರೆ. ಸ್ಕೋರ್ ಕೊಡೋ ನಿಯಮದಲ್ಲಿ ಹಾಗೇನೂ ಬರೆದಿಲ್ಲ!

1978ರಲ್ಲಿ ಡಬ್ಲ್ಯುಬಿಸಿ ನಾರ್ಟನ್‌ನನ್ನು ಕಾಗದದ ಮೇಲೆ ಚಾಂಪಿಯನ್ ಮಾಡಿತು. ಪಟ್ಟ ಉಳಿಸಿಕೊಳ್ಳೋ ಮೊದಲ ಪಂದ್ಯದಲ್ಲೇ ಲ್ಯಾರಿ ಹೋಮ್ಸ್ ಅದನ್ನು ಕಿತ್ತುಕೊಂಡ. ಅಲ್ಲೂ ತೀರ್ಮಾನವಾಗಿದ್ದು 15ನೇ ರೌಂಡಿನಲ್ಲಿ.